ಎರಡು ಡಬ್ಬಿ ಸಾರಿನ ಪುಡಿ

ಮೆಣಸಿನ ಸಾರಿನ ಪುಡಿ ಕುಟ್ಟುವಾಗ ಉದದ ಕೋಡಿನಿಂದ ಬೀಜ ತೆಗೆಯಬೇಕೋ ಬಿಡಬೇಕೋ ಎಂಬುದು ಎನುಗು ಪಟ್ಟಣದ ಅಚಾರ ಬಡಾವಣೆಯ ಒಂದು ಮನೆಯ ಮಟ್ಟಿಗೆ ಸರ್ಕಾರ ಬೀಳುವ ಏಳುವ ಪ್ರಶ್ನೆಗಿಂತ ದೊಡ್ಡ ಪ್ರಶ್ನೆಯಾಗಿತ್ತು. ಆ ವರ್ಷ ಚುನಾವಣೆಯೂ ನಡೆದಿತ್ತು. ಯಾರು ಗೆದ್ದರೆಂದು ನಿವೃತ್ತ ಹೆಡ್‌ಮಾಸ್ಟರ್ ಬೆನೆಡಿಕ್ಟ್ ಅನಿಕ್ವೆ ಊಟದ ಹೊತ್ತಿಗೆ ಎರಡು ಸಲ ಹೇಳಿದರು. ಎರಡು ಸಲವೂ ಅವರ ಹೆಂಡತಿ ನ್ವಾಕೇಗೊ "ಹಾಗಾ" ಎಂದು ಉದದ ಮಾತಿಗೆ ಮರಳಿದಳು.

ಉದ ಎಂದರೆ ಕಿರುಬೆರಳಿನುದ್ದದ, ಹೊಗೆಗೆ ಹಿಡಿದು ಒಣಗಿಸಿದ ಕರಿ ಕೋಡು. ಘಮ ಇರುವುದು ಸಿಪ್ಪೆಯಲ್ಲಿ, ಬೀಜದಲ್ಲಿರುವುದು ಬರೀ ಕಹಿ ಎಂಬುದು ನ್ವಾಕೇಗೊಳ ಮತ. ಕೋಡನ್ನು ಮುರಿದು, ಬೀಜವನ್ನು ಒಂದೊಂದಾಗಿ ಉಗುರಿನಲ್ಲಿ ಕೆದಕಿ ಎಸೆದು, ಸಿಪ್ಪೆಯನ್ನಷ್ಟೇ ಒರಳಿಗೆ ಹಾಕಬೇಕು. ಜೊತೆಗೆ ಜಾಯಿಕಾಯಿಯ ಬಡ ನೆಂಟನಂಥ ಎಹುರು: ಅದನ್ನು ಸಣ್ಣ ಉರಿಯಲ್ಲಿ ಹುರಿಯಬೇಕು, ಮೇಲಿನ ಹೊಟ್ಟು ಮಿಂಚಿ ಬಿರಿಯುವ ತನಕ. ಒಂದು ಗಳಿಗೆ ಮುಂಚೆ ಇಳಿಸಿದರೆ ಹಸಿ, ತಡವಾದರೆ ಇದ್ದಲು. ಆ ಗಳಿಗೆಯನ್ನು ಹೇಳುವುದು ಕಣ್ಣಲ್ಲ, ಮೂಗು.

ಈ ಪುಡಿಗೆ ಬಡಾವಣೆಯಲ್ಲಿ ಹೆಸರಿತ್ತು. ಎಲ್ಲಾದರೂ ಮಗಳ ಹೆರಿಗೆಯಾಯಿತೆಂದರೆ ಬಾಣಂತನಕ್ಕೆ ಹೊರಟ ತಾಯಿ ಮೊದಲು ನ್ವಾಕೇಗೊಳ ಹಿತ್ತಲಿಗೆ ಬಂದು ಒಂದು ಡಬ್ಬಿ ಪುಡಿ ತುಂಬಿಸಿಕೊಂಡು, ಆಮೇಲೆ ಬಸ್ಸು ಹತ್ತುತ್ತಿದ್ದಳು. ಬಾಣಂತಿಯ ಹೊಟ್ಟೆ ಶುದ್ಧವಾಗಬೇಕು, ಹಾಲು ಇಳಿಯಬೇಕು, ಬೆವರು ಹರಿಯಬೇಕು. ಅದಕ್ಕೆ ಮೆಣಸಿನ ಸಾರಿಗಿಂತ ಬೇರೆ ಮದ್ದಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ನ್ವಾಕೇಗೊಳ ಪುಡಿ ಲಾಗೋಸಿಗೆ, ಅಬುಜಕ್ಕೆ, ಒಂದು ಸಲ ಲಂಡನ್ನಿಗೂ ಹೋಗಿ ಬಂದಿತ್ತು. ನ್ವಾಕೇಗೊ ಮಾತ್ರ ಎಲ್ಲಿಗೂ ಹೋಗಿರಲಿಲ್ಲ.

ಏಕೆಂದರೆ ಅವಳು ಹೆತ್ತದ್ದು ಮೂವರು ಗಂಡುಮಕ್ಕಳನ್ನು. ಬಾಣಂತನ ಮಾಡುವ ಹಕ್ಕು ಹೆಣ್ಣು ಹೆತ್ತವಳದು. ಹಿರಿಯವನು ಪಾದ್ರಿಯಾಗಿಬಿಟ್ಟ; ಆ ಕಡೆಯಿಂದ ಮೊಮ್ಮಕ್ಕಳನ್ನು ಬಯಸುವುದೇ ಪಾಪ. ಕಿರಿಯವನೊಡನೆ ಮದುವೆಯ ಮಾತೆತ್ತಿದ ಕೂಡಲೇ ಫೋನಿನ ಸಿಗ್ನಲ್ ಹೋಗುತ್ತಿತ್ತು. ಉಳಿದವನು ನಡುವಿನ ಉಗೊನ್ನ. ಅವನು ಕರಾವಳಿ ಕಡೆಯ ಸಪೆಲೆಯ ಹುಡುಗಿ ಎಜಿರೊಳನ್ನು ಮದುವೆಯಾಗಿ ತಂದೆಯ ಮನೆಯಲ್ಲೇ ಇದ್ದ. ಎಜಿರೊ ಬೀದಿಯ ಕಡೆಯ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದಳು. ಈಗ ಅವಳಿಗೆ ಏಳು ತಿಂಗಳು.

ಬಸುರಿಯ ಮೂಗಿಗೆ ಉದದ ಘಾಟು ತಾಕಬಾರದು, ನೋವು ಬೇಗ ಬರುತ್ತದೆ. ಹಾಗಾಗಿ ನ್ವಾಕೇಗೊ ಒನಕೆ ಹೊತ್ತು ಪಕ್ಕದ ಮನೆಯ ಮಾಮಾ ಕೊಸಿಯ, ಅಂದರೆ ಕೊಸಿಯ ತಾಯಿಯ, ಹಿತ್ತಲಿಗೆ ಹೋಗಿ ಕುಟ್ಟಿ ಬರುತ್ತಿದ್ದಳು.

"ಮಾಮಾ, ಒನಕೆ ಹೆಗಲಿಗೆ ಹಾಕ್ಕೊಂಡು ಹೊರಟ್ರೆ ಯಾರ ಮೇಲೋ ದಂಡೆತ್ತಿ ಹೋದ ಹಾಗೆ ಕಾಣ್ತೀರಿ," ಎಂದಳು ಎಜಿರೊ ಒಂದು ದಿನ ಅತ್ತೆಗೆ, ಯಂತ್ರದ ಹಿಂದಿನಿಂದ.

"ನಿನಗೋಸ್ಕರವೇ ಕಣೇ. ನೀನು ಹೆರು, ನನ್ನ ಕೈಯ ಸಾರು ಕುಡಿ, ಆಮೇಲೆ ಮಾತಾಡು. ಮೂರೇ ದಿನಕ್ಕೆ ಎದ್ದು ಓಡಾಡ್ತೀಯ."

"ಅಮ್ಮನೂ ಪುಡಿ ತರ್ತಾಳೆ, ಮಾಮಾ. ನಿನ್ನೆ ಫೋನಲ್ಲಿ ಹೇಳಿದ್ಲು."

ನ್ವಾಕೇಗೊ ಒನಕೆಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಾಯಿಸಿದಳು. "ಅವಳಿಗೆ ಮಂಡಿ ನೋವು ಅಂತಿದ್ಯಲ್ಲ."

"ನೋವು ಇದೆ. ಆದ್ರೂ ಬರ್ತಾಳಂತೆ."

"ಪಾಪ," ಎಂದಳು ನ್ವಾಕೇಗೊ, ಬಹಳ ಯೋಚಿಸಿ.

ಮಧ್ಯಾಹ್ನ ಹೆಗ್ಗೆಣಸಿನ ಮುದ್ದೆಯ ಮುಂದೆ ಹೆಡ್‌ಮಾಸ್ಟರು ವಿಷಯವನ್ನು ಕ್ರಮವಾಗಿ ಮಂಡಿಸಿದರು. "ನೋಡು, ಬಾಣಂತನ ಹುಡುಗಿಯ ತಾಯಿಯ ಹಕ್ಕು. ಆಕೆ ಇಲ್ಲದಿದ್ರೆ, ಅಥವಾ ಕೈಲಾಗದಿದ್ರೆ, ಆಗ ನೀನು."

"ನಾನೇನು ಆಕೆ ಇಲ್ಲದೇ ಹೋಗ್ಲಿ ಅಂದ್ನಾ?"

"ಅನ್ನಲಿಲ್ಲ. ಆದ್ರೆ ಮಂಡಿ ಹೇಗಿದೆ ಅಂತ ವಾರಕ್ಕೆ ಮೂರು ಸಲ ಕೇಳ್ತಿದೀಯ."

"ನೆಂಟರ ಆರೋಗ್ಯ ವಿಚಾರಿಸೋದೂ ತಪ್ಪಾ, ಹೆಡ್‌ಮಾಸ್ಟ್ರೇ? ದಿನಾ ಜಪಮಾಲೆ ಹಿಡಿದು ಆ ಮಂಡಿಗೋಸ್ಕರ ಪ್ರಾರ್ಥನೆ ಮಾಡ್ತಿದೀನಿ, ಗೊತ್ತಾ?"

ಅದು ಸುಳ್ಳಲ್ಲ. ಮಂಡಿ ವಾಸಿಯಾಗಲಿ ಎಂದೇ ಅವಳು ಬೇಡುತ್ತಿದ್ದಳು. ಆದರೆ ದೇವರು ಅವಸರ ಮಾಡಬೇಕಾದ್ದಿಲ್ಲ, ಐದು ತಿಂಗಳು ಬಿಟ್ಟು ವಾಸಿಮಾಡಿದರೂ ನಡೆದೀತು ಎಂಬಂಥ ಒಂದು ಸಡಿಲು ಆ ಪ್ರಾರ್ಥನೆಯಲ್ಲಿತ್ತು.

ಮಗು ಹುಟ್ಟಿದ್ದು ಒಂದು ಮಂಗಳವಾರ ಬೆಳಿಗ್ಗೆ. ಹೆಣ್ಣು. ಆಸ್ಪತ್ರೆಯಿಂದ ಸುದ್ದಿ ಬಂದ ಕೂಡಲೇ ನ್ವಾಕೇಗೊ ಕುತ್ತಿಗೆ ತುಂಬಾ ಬಿಳಿ ಪೌಡರು ಬಳಿದುಕೊಂಡು ಬೀದಿಗಿಳಿದಳು. ಕುತ್ತಿಗೆಯ ಪೌಡರು ನೋಡಿದವರು ಏನಾಯಿತೆಂದು ಕೇಳುವುದಿಲ್ಲ, ತಾವೂ ಕುತ್ತಿಗೆ ಚಾಚುತ್ತಾರೆ. ಸಂಜೆಯೊಳಗೆ ಅರ್ಧ ಬಡಾವಣೆಯ ಹೆಂಗಸರ ಕುತ್ತಿಗೆ ಬೆಳ್ಳಗಾಗಿತ್ತು. ಹೆಡ್‌ಮಾಸ್ಟರು ಮಗುವಿಗೆ ಒಬಿಯಾನುಜು ಎಂದು ಹೆಸರಿಟ್ಟರು. ಸಮೃದ್ಧಿಯ ನಡುವೆ ಬಂದವಳು ಎಂದರ್ಥ. ಸಮೃದ್ಧಿ ಯಾವುದರದೆಂದು ಅವರಿಗಾಗ ಗೊತ್ತಿರಲಿಲ್ಲ.

ಗುರುವಾರ ಎಜಿರೊ ಮನೆಗೆ ಬಂದಳು. ಶುಕ್ರವಾರ ನ್ವಾಕೇಗೊಳ ಜೀವನದ ಅತ್ಯಂತ ಸುಖದ ದಿನ. ಒಣಮೀನು, ಆಡಿನ ಮಾಂಸ, ತನ್ನ ಪುಡಿ. ಸೊಸೆ ಬಟ್ಟಲಿಗೆ ಮುಖವಿಟ್ಟು ಕುಡಿದಳು, ಹಣೆ ಬೆವರಿತು, ಮೂಗು ಸೋರಿತು.

"ಇನ್ನೊಂದು ಸ್ವಲ್ಪ, ಮಾಮಾ."

ಈ ಮೂರು ಮಾತಿಗೆ ನ್ವಾಕೇಗೊ ಇಪ್ಪತ್ತೆರಡು ವರ್ಷ ಕಾದಿದ್ದಳು.

ಶನಿವಾರ ಹನ್ನೊಂದು ಗಂಟೆಗೆ ಬಾಗಿಲಲ್ಲಿ ಟ್ಯಾಕ್ಸಿ ನಿಂತಿತು. ಮೊದಲು ಒಂದು ಗೊನೆ ಬಾಳೆಕಾಯಿ ಇಳಿಯಿತು, ಆಮೇಲೆ ಹೊಗೆಮೀನಿನ ಬುಟ್ಟಿ, ಕಡೆಗೆ ಮಂಡಿಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡ ಒಂದು ಕಾಲು. ಸಪೆಲೆಯ ಬೀಗಿತ್ತಿ ಪೂರ್ತಿ ಇಳಿದಾಗ ಅವಳ ಕಂಕುಳಲ್ಲಿ ಹಳೆಯ ಹಾಲಿನಪುಡಿಯ ಡಬ್ಬಿಯೊಂದಿತ್ತು.

"ಬೀಗಿತ್ತೀ, ನಿಮ್ಮ ಮಂಡಿ?" ಎಂದಳು ನ್ವಾಕೇಗೊ.

"ಏನೋ ಪವಾಡ ನೋಡಿ. ಹದಿನೈದು ದಿನದಿಂದ ನಡೆಯೋ ಹಾಗಾಗಿದೆ. ಯಾರೋ ಪುಣ್ಯಾತ್ಗಿತ್ತಿ ಪ್ರಾರ್ಥನೆ ಮಾಡಿರ್ಬೇಕು."

ಹೆಡ್‌ಮಾಸ್ಟರು ಕನ್ನಡಕ ಒರೆಸಿಕೊಳ್ಳಲು ಒಳಗೆ ಹೋದರು.

ಬೀಗಿತ್ತಿ ಮೊದಲು ಮಾಡಿದ ಕೆಲಸ ಮಗುವನ್ನೆತ್ತಿ ಅದರ ನೆತ್ತಿಗೆ ಮೂಗು ಒತ್ತಿದ್ದು. ಎಲ್ಲರೂ ಮಾಡುವುದೇ. ಆದರೆ ಅವಳು ಬಹಳ ಹೊತ್ತು ಹಾಗೇ ನಿಂತಳು, ಮೂಗು ತೆಗೆದು ಮತ್ತೆ ಒತ್ತಿದಳು, ಕಣ್ಣು ಒರೆಸಿಕೊಂಡಳು. ನಾಟಕ, ಎಂದುಕೊಂಡಳು ನ್ವಾಕೇಗೊ. ಎರಡನೆಯ ಕೆಲಸ, ಅಡುಗೆಮನೆಯ ಹಲಗೆಯ ಮೇಲೆ ನ್ವಾಕೇಗೊಳ ಡಬ್ಬಿಯನ್ನು ಒಂದಿಷ್ಟು ಸರಿಸಿ ತನ್ನ ಡಬ್ಬಿ ಇಟ್ಟದ್ದು.

"ಇದೇನು, ಬೀಗಿತ್ತಿ?"

"ಸಾರಿನ ಪುಡಿ. ನಮ್ಮ ಕಡೇದು. ಉದ, ಎಹುರು, ಗ್ಬಾಫಿಲೊ."

ಗ್ಬಾಫಿಲೊ ಕರಾವಳಿಯ ಗಟ್ಟಿ ಬೀಜ. ಎನುಗಿನವರು ಅದನ್ನು ಹಾಕುವುದಿಲ್ಲ. ಅದನ್ನು ಬೇಕಾದರೆ ಕ್ಷಮಿಸಬಹುದಿತ್ತು. "ಉದದ ಬೀಜ ತೆಗೆದು ತಾನೇ?"

"ಯಾಕೆ ತೆಗೀಬೇಕು? ಬೀಜ ತೆಗೆದ ಉದ ಅಂದ್ರೆ ಹಲ್ಲು ಕಿತ್ತ ನಾಯಿ. ಬೊಗಳುತ್ತೆ, ಕಚ್ಚಲ್ಲ."

"ಬಾಣಂತೀನ ಕಚ್ಚೋಕೆ ಸಾರು ಯಾಕೆ ಬೇಕು, ಬೀಗಿತ್ತಿ? ಕಹಿ ಎಲ್ಲಾ ಹಾಲಿಗೆ ಹೋಗುತ್ತೆ."

"ನಾಲ್ಕು ಹೆಣ್ಣುಮಕ್ಕಳು, ಹನ್ನೊಂದು ಬಾಣಂತನ. ಇದುವರೆಗೂ ಯಾವ ಮೊಮ್ಮಗುವೂ ಕಹಿ ಅಂದಿಲ್ಲ."

"ಮೊಮ್ಮಕ್ಕಳಿಗೆ ಮಾತು ಬರ್ತಿರಲಿಲ್ಲವೇನೋ."

ಅಂದಿನಿಂದ ಎಜಿರೊ ದಿನಕ್ಕೆ ಎರಡು ಸಾರು ಕುಡಿಯತೊಡಗಿದಳು. ಬೆಳಿಗ್ಗೆ ಸಪೆಲೆಯದು: ಮೀಸೆಮೀನು, ಬಾಳೆಕಾಯಿ, ಬೀಜ ಸಮೇತ ಉದ. ಸಂಜೆ ಎನುಗಿನದು: ಆಡಿನ ಮಾಂಸ, ಹೆಗ್ಗೆಣಸು, ಬೀಜವಿಲ್ಲದ ಉದ. ಕುಡಿಯುವಾಗ ಎದುರಿಗೆ ಒಬ್ಬ ತಾಯಿ, ಬಾಗಿಲಲ್ಲಿ ಇನ್ನೊಬ್ಬ ತಾಯಿ. ಉಗೊನ್ನ ಕಚೇರಿಗೆ ಅರ್ಧ ಗಂಟೆ ಮುಂಚೆ ಹೋಗುವುದನ್ನು ಅಭ್ಯಾಸ ಮಾಡಿಕೊಂಡ. ಉಳಿದದ್ದನ್ನು ಹೆಡ್‌ಮಾಸ್ಟರು ತೀರಿಸುತ್ತಿದ್ದರು. ಅವರಿಗೂ ಒಳ್ಳೆಯ ಬಾಣಂತನವಾಯಿತು.

ಮಗು ಅತ್ತರೆ ಸಾರು ತಪ್ಪಿತಸ್ಥ. ಬೆಳಿಗ್ಗೆ ಅತ್ತರೆ ನಿನ್ನೆ ಸಂಜೆಯ ಸಾರು, ಸಂಜೆ ಅತ್ತರೆ ಇವತ್ತು ಬೆಳಗಿನದು.

"ನಿಮ್ಮ ಆಡು ಹೊಟ್ಟೆಗೆ ಭಾರ," ಎನ್ನುವಳು ಬೀಗಿತ್ತಿ.

"ನಿಮ್ಮ ಬೀಜ," ಎನ್ನುವಳು ನ್ವಾಕೇಗೊ. ಅವಳಿಗೆ ಒಂದೇ ಮಾತು ಸಾಕಾಗುತ್ತಿತ್ತು.

"ಮಗು ಅಂದ್ಮೇಲೆ ಅಳುತ್ತಪ್ಪಾ," ಎಂದು ಎಜಿರೊ ನಡುವೆ ಬಂದರೆ, "ನೀನು ಸುಮ್ನೆ ಮಲಗು," ಎಂದು ಇಬ್ಬರೂ ಒಟ್ಟಿಗೆ ಹೇಳುತ್ತಿದ್ದರು. ಅದೊಂದು ವಿಷಯದಲ್ಲಿ ಅವರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ.

ಕೆಲಸದ ಹಂಚಿಕೆ ತಾನಾಗಿಯೇ ಆಯಿತು. ಬಿಸಿನೀರಿನ ಬಟ್ಟೆ ಹಿಂಡಿ ಎಜಿರೊಳ ಹೊಟ್ಟೆ ಒತ್ತುವುದಕ್ಕೆ ಕುಕ್ಕರಗಾಲಲ್ಲಿ ಕೂರಬೇಕು; ಬೀಗಿತ್ತಿಯ ಮಂಡಿ ಮಡಚದು. ಹಾಗಾಗಿ ಒತ್ತುವವಳು ನ್ವಾಕೇಗೊ, ಹೇಗೆ ಒತ್ತಬೇಕೆಂದು ಕುರ್ಚಿಯಿಂದ ಹೇಳುವವಳು ಬೀಗಿತ್ತಿ. ಮಗುವಿಗೆ ಸ್ನಾನ ಮಾಡಿಸುವವಳು ಬೀಗಿತ್ತಿ, ನೀರು ಹೊತ್ತು ತರುವವಳು ನ್ವಾಕೇಗೊ. "ನನ್ನ ಮನೇಲಿ ನಾನು ಆಳಾಗಿಬಿಟ್ಟೆ," ಎಂದು ಅವಳು ಗಂಡನಿಗೆ ಹೇಳಿದಳು. "ಹೆಸರು ಅವಳದು, ಸೊಂಟ ನಂದು."

"ಬಾಣಂತನ ಮಾಡ್ಬೇಕು ಅಂತ ಆಸೆ ಇತ್ತಲ್ಲ."

"ನೀರು ಹೊರೋದು ಬಾಣಂತನ ಅಲ್ಲ, ಹೆಡ್‌ಮಾಸ್ಟ್ರೇ. ಅದು ನೀರು ಹೊರೋದು."

ಮೂರನೆಯ ವಾರ ಒಂದು ಮಧ್ಯಾಹ್ನ, ಬೀಗಿತ್ತಿ ಕುರ್ಚಿಯಲ್ಲಿ ತೂಕಡಿಸುತ್ತಿದ್ದಾಗ, ಎಜಿರೊ ದನಿ ತಗ್ಗಿಸಿ ಅತ್ತೆಯನ್ನು ಕರೆದಳು.

"ಮಾಮಾ, ಒಂದು ಮಾತು. ಅಮ್ಮಂಗೆ ಹೇಳ್ಬಾರ್ದು."

"ಹೇಳು."

"ಅಮ್ಮನ ಸಾರು ಯಾಕೋ ಮೊದಲಿನ ಹಾಗಿಲ್ಲ. ಬೂದಿ ಬೂದಿ. ನಾನು ಚಿಕ್ಕೋಳಾಗಿದ್ದಾಗ ಜ್ವರ ಬಂದ್ರೆ ಮಾಡಿಕೊಡ್ತಿದ್ಲು, ಬಟ್ಟಲು ನೆಕ್ತಿದ್ದೆ. ಈಗ ನುಂಗೋದೇ ಕಷ್ಟ. ಬಾಯಿ ಕೆಟ್ಟಿದೆಯೇನೋ ಅಂದ್ಕೊಂಡೆ, ಆದ್ರೆ ನಿಮ್ಮದು ಸರಿಯಾಗೇ ಇರುತ್ತೆ."

ನ್ವಾಕೇಗೊ ಹಿತ್ತಲಿಗೆ ಹೋಗಿ, ಕೋಳಿಗಳಿಗೆ ಎಂದಿಗಿಂತ ಎರಡು ಹಿಡಿ ಹೆಚ್ಚು ಜೋಳ ಎರಚಿದಳು. ಗಂಡನಿಗೆ ಮಾತ್ರ ಹೇಳಿದಳು.

"ಬೂದಿ ಅಂದ್ಲು. ನಾನು ಹೇಳಿದ್ದಲ್ಲ, ಅವಳ ಸ್ವಂತ ಮಗಳು."

"ಸರಿ, ನೀನು ಗೆದ್ದೆ. ಈಗೇನು ಮಾಡ್ತೀಯ?"

"ಏನೂ ಇಲ್ಲ. ಸುಮ್ನಿರ್ತೀನಿ. ಆ ಡಬ್ಬಿ ಮುಗೀಲಿ. ಮುಗಿದ್ಮೇಲೆ ಎರಡು ಹೊತ್ತೂ ನಂದೇ."

ನಾಲ್ಕನೆಯ ವಾರ ಡಬ್ಬಿ ಮುಗಿಯಿತು. ಆದರೆ ಬೀಗಿತ್ತಿ ಊರಿನಿಂದ ಕಟ್ಟಿಕೊಂಡು ಬಂದ ಗಂಟಿನಲ್ಲಿ ಇನ್ನೂ ಸಾಮಾನಿತ್ತು. ಒಂದು ಬೆಳಿಗ್ಗೆ ಅವಳು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಎತ್ತರದ ಮಣೆಯ ಮೇಲೆ ಕುಳಿತು, ಬಾಣಲೆಗೆ ಎಹುರು ಸುರಿದು ಹುರಿಯತೊಡಗಿದಳು. ನ್ವಾಕೇಗೊ ಪಕ್ಕದಲ್ಲಿ ಹೆಗ್ಗೆಣಸು ಹೆರೆಯುತ್ತಿದ್ದಳು.

ಮೊದಲು ಮರದ ವಾಸನೆ ಬಂತು. ಆಮೇಲೆ ಸಿಹಿ. ಆಮೇಲೆ ಆ ಗಳಿಗೆ ಬಂತು, ಎಣ್ಣೆ ಬಿಟ್ಟು ಘಮ್ಮೆನ್ನುವ ಗಳಿಗೆ. ನ್ವಾಕೇಗೊಳ ಕೈ ತಾನಾಗಿಯೇ ಬಾಣಲೆಯ ಕಡೆ ಹೋಗಿ ವಾಪಸು ಬಂತು. ಬೀಗಿತ್ತಿ ಇಳಿಸಲಿಲ್ಲ. ಕೈಯಾಡಿಸುತ್ತಲೇ ಇದ್ದಳು, ನಿಶ್ಚಿಂತೆಯಿಂದ. ಘಮ ಹೋಯಿತು. ಕಮಟು ಎದ್ದಿತು. ಸುಡಲಿ, ಎಂದುಕೊಂಡಳು ನ್ವಾಕೇಗೊ, ಇನ್ನೊಂದು ಹೆಗ್ಗೆಣಸು ಕೈಗೆತ್ತಿಕೊಂಡು.

"ವಾಸನೆ ಚೆನ್ನಾಗಿ ಬರ್ತಿದೆ ಅಲ್ವಾ, ಬೀಗಿತ್ತಿ?" ಎಂದಳು ಬೀಗಿತ್ತಿ.

ನ್ವಾಕೇಗೊ ತಲೆಯೆತ್ತಿ ನೋಡಿದಳು. ಬೀಗಿತ್ತಿಯ ಮುಖದಲ್ಲಿ ಜಂಬವಿರಲಿಲ್ಲ. ನಿಜವಾಗಿ ಕೇಳುತ್ತಿದ್ದಳು, ಉತ್ತರಕ್ಕೆ ಕಾಯುತ್ತಿದ್ದಳು. ಅವಳ ತೊಡೆಯ ಮೇಲೆ ಮಗು ಆಗಲೇ ತನ್ನ ಕೆಲಸ ಮುಗಿಸಿತ್ತು. ಅದರ ವಾಸನೆ ಸುಟ್ಟ ಎಹುರನ್ನೂ ಮೀರಿ ನ್ವಾಕೇಗೊಳ ಮೂಗಿಗೆ ಬಂದು ಆಗಲೇ ಐದು ನಿಮಿಷವಾಗಿತ್ತು. ಬೀಗಿತ್ತಿ ಅದನ್ನೂ ಗಮನಿಸಿರಲಿಲ್ಲ.

ಆಗ ನ್ವಾಕೇಗೊಗೆ ಒಂದೊಂದೇ ನೆನಪಾಯಿತು. ದಿನವೂ ಸಾರು ಇಳಿಸುವ ಮುಂಚೆ ಬೀಗಿತ್ತಿ "ಯಾರಾದ್ರೂ ಬನ್ನಿ, ಹೇಗಿದೆ ನೋಡಿ" ಎಂದು ಕೂಗುವುದು. ಉಗೊನ್ನ ಬೆಳಿಗ್ಗೆ ಓಡಿಹೋಗುತ್ತಿದ್ದದ್ದರಿಂದ, ತಾನು ಕೇಳಿಸದಂತೆ ಇರುತ್ತಿದ್ದದ್ದರಿಂದ, ಕೇಳಲು ಯಾರೂ ಸಿಗದಿರುವುದು. ಮೊದಲ ದಿನ ಮಗುವಿನ ನೆತ್ತಿಗೆ ಮೂಗು ಒತ್ತಿ, ತೆಗೆದು, ಮತ್ತೆ ಒತ್ತಿದ್ದು.

"ಬರ್ತಿದೆ," ಎಂದಳು ನ್ವಾಕೇಗೊ. "ಇಳಿಸಿ ಸಾಕು. ಮಗೂನ ಇಲ್ಲಿ ಕೊಡಿ, ನಾನು ತೊಳೀತೀನಿ."

ಅಂದು ಅವಳು ಊಟ ಸರಿಯಾಗಿ ಮಾಡಲಿಲ್ಲ. ಹೆಡ್‌ಮಾಸ್ಟರು ಕೇಳಿದ್ದಕ್ಕೆ, "ಅವಳಿಗೆ ಮೂಗಿಲ್ಲ," ಎಂದಳು.

"ಇದೆಯಲ್ಲ. ದೊಡ್ಡದೇ ಇದೆ."

"ಇದೆ. ಕೆಲಸ ಮಾಡ್ತಿಲ್ಲ. ಅವಳಿಗೆ ಏನೂ ವಾಸನೆ ಬರಲ್ಲ. ಎಹುರನ್ನ ಇದ್ದಲು ಮಾಡಿ ಡಬ್ಬಿಗೆ ತುಂಬಿಟ್ಟಿದಾಳೆ."

ಹೆಡ್‌ಮಾಸ್ಟರು ಚಮಚ ಕೆಳಗಿಟ್ಟರು. "ಎಜಿರೊಗೆ ಹೇಳ್ತೀಯಾ?"

ಹೇಳಬಹುದಿತ್ತು. ಒಂದು ಮಾತು ಹೇಳಿದರೆ ಸಾಕು. ಮೂಗಿಲ್ಲದವಳ ಕೈಗೆ ಬಾಣಂತಿಯ ಅಡುಗೆ ಯಾರು ಬಿಡುತ್ತಾರೆ? ಕೈಲಾಗದವಳ ಸರದಿ ಮುಗಿಯಿತು; ಪದ್ಧತಿಯ ಪ್ರಕಾರವೇ ಮುಂದಿನ ಸರದಿ ನ್ವಾಕೇಗೊಳದು. ಯಾರೂ ಅವಳನ್ನು ಬೈಯುವಂತಿರಲಿಲ್ಲ.

"ನಾಳೆ ಒಗ್ಬೆಟೆ ಮಾರ್ಕೆಟ್ಟಿಗೆ ಹೋಗ್ಬೇಕು," ಎಂದಳು.

ಹೊರಡುವ ಮುಂಚೆ ಬೀಗಿತ್ತಿಯ ಹತ್ತಿರ ನಿಂತು ಕೇಳಿದಳು. "ಬೀಗಿತ್ತಿ, ನಿಮ್ಮ ಪುಡಿಗೆ ಏನೇನು ಕಸ ಹಾಕ್ತೀರಿ, ಎಷ್ಟೆಷ್ಟು? ಮಾಮಾ ಕೊಸಿ ಕೇಳ್ತಿದ್ಲು. ನನಗಲ್ಲ."

ಬೀಗಿತ್ತಿ ಸಂತೋಷದಿಂದ ಹೇಳಿದಳು. ಉದ ಹಿಡಿಯಷ್ಟು, ಎಹುರು ಅದರ ಎರಡರಷ್ಟು, ಗ್ಬಾಫಿಲೊ ಹನ್ನೆರಡು, ಕಾಳುಮೆಣಸು ಒಂದು ಬೊಗಸೆ. "ಮತ್ತೆ ಮಾಮಾ ಕೊಸಿಗೆ ಹೇಳಿ: ಬೀಜ ತೆಗೀಬಾರ್ದು. ತೆಗೆದ್ರೆ ಅದು ಸಪೆಲೆಯ ಪುಡಿ ಅಲ್ಲ."

ಮಾರ್ಕೆಟ್ಟಿನಲ್ಲಿ ಗ್ಬಾಫಿಲೊ ಸಿಗುವುದು ಒಂದೇ ಕಡೆ, ಕರಾವಳಿಯ ವಾರಿ ಪಟ್ಟಣದಿಂದ ಬಂದು ಕೂತಿದ್ದ ಹೆಂಗಸಿನ ಬಳಿ. ನ್ವಾಕೇಗೊ ತಲೆಯ ಬಟ್ಟೆಯನ್ನು ಮುಖಕ್ಕೆಳೆದುಕೊಂಡು ಹನ್ನೆರಡು ಎಣಿಸಿಕೊಳ್ಳುತ್ತಿರುವಾಗ ಹಿಂದಿನಿಂದ ಮಾಮಾ ಕೊಸಿಯ ದನಿ ಬಂತು.

"ನ್ವಾಕೇಗೊ? ನೀನು? ಇಲ್ಲಿ?"

"ಕಾಲು ನೋವಿಗೆ," ಎಂದಳು ನ್ವಾಕೇಗೊ.

"ಗ್ಬಾಫಿಲೊನಾ?"

"ಅರೆದು ಹಚ್ತಾರಂತೆ. ನಿನಗೆ ಕೆಲಸ ಇಲ್ವಾ? ಇವತ್ತು ನಿನ್ನ ಹಿತ್ತಲು ಬೇಕು. ಬಾಗಿಲು ಹಾಕ್ಕೋತೀನಿ."

ಮಾಮಾ ಕೊಸಿಯ ಹಿತ್ತಲಲ್ಲಿ ಬಾಗಿಲು ಹಾಕಿಕೊಂಡು ಅವಳು ಎಹುರನ್ನು ಆ ಗಳಿಗೆಗೆ ಸರಿಯಾಗಿ ಇಳಿಸಿದಳು. ಹೊಟ್ಟು ಸುಲಿದಳು. ಗ್ಬಾಫಿಲೊ ಒಡೆದಳು. ಉದದ ಕೋಡು ಮುರಿಯುವ ಹೊತ್ತಿಗೆ ಹೆಬ್ಬೆರಳಿನ ಉಗುರು ಅಭ್ಯಾಸಬಲದಿಂದ ಬೀಜಕ್ಕೆ ಹೋಯಿತು. ಎರಡು ಸಲ ಹೋಯಿತು. ಮೂರನೆಯ ಸಲ ಅವಳು ಕೋಡನ್ನು ಇಡಿಯಾಗಿ ಒರಳಿಗೆಸೆದು, ನೋಡದೆ, ಒನಕೆ ಎತ್ತಿದಳು.

ಬೀಗಿತ್ತಿ ಮಗುವಿಗೆ ಸ್ನಾನ ಮಾಡಿಸುತ್ತಿದ್ದಾಗ ಡಬ್ಬಿಯ ಸುಟ್ಟ ಪುಡಿಯನ್ನು ಕೋಳಿಗೂಡಿನ ಹಿಂದೆ ಸುರಿದು, ಹೊಸದನ್ನು ತುಂಬಿಟ್ಟಳು.

ಮರುದಿನ ಬೆಳಿಗ್ಗೆ ಬೀಗಿತ್ತಿ ಎಂದಿನಂತೆ ಮೀಸೆಮೀನು ಬೇಯಿಸಿ, ಡಬ್ಬಿಯಿಂದ ಮೂರು ಚಮಚ ಪುಡಿ ಹಾಕಿ, ಕಾಡುತುಳಸಿ ಹರಿದು ಉದುರಿಸಿ, ಬಟ್ಟಲನ್ನು ಮಗಳ ಕೈಗಿಟ್ಟಳು. ನ್ವಾಕೇಗೊ ಬಾಗಿಲಲ್ಲಿ ನಿಂತಳು, ಕೈಯಲ್ಲೊಂದು ಪೊರಕೆ ಹಿಡಿದು. ಎಜಿರೊ ನುಂಗಲು ಸಿದ್ಧವಾದ ಮುಖ ಮಾಡಿಕೊಂಡು ಒಂದು ಗುಟುಕು ಕುಡಿದಳು. ತಡೆದಳು. ಇನ್ನೊಂದು ಗುಟುಕು. ಬಟ್ಟಲನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು.

"ಅಮ್ಮಾ," ಎಂದಳು. "ಇದು ನಮ್ಮನೆ ಸಾರು."

"ಮತ್ತೆ ಇಷ್ಟು ದಿನ ಯಾರ ಮನೇದು ಕುಡೀತಿದ್ದೆ?"

"ಗೊತ್ತಿಲ್ಲಮ್ಮಾ. ಇದು ನಮ್ಮದು." ಅವಳ ಕಣ್ಣಲ್ಲಿ ನೀರು ಬಂತು; ಮೆಣಸಿನ ಘಾಟಿಗೂ ಬರುತ್ತದೆ. ಬಟ್ಟಲನ್ನು ಓರೆ ಮಾಡಿ ತಳದವರೆಗೂ ಕುಡಿದು, ಬೆರಳಿನಿಂದ ಬಳಿದು ನೆಕ್ಕಿದಳು. "ಇನ್ನೂ ಇದೆಯಾ?"

ಅಷ್ಟು ಚೆನ್ನಾಗಿ ನ್ವಾಕೇಗೊಳ ಸ್ವಂತ ಸಾರನ್ನು ಅವಳು ಒಂದು ದಿನವೂ ಕುಡಿದಿರಲಿಲ್ಲ. ನ್ವಾಕೇಗೊ ಆಗಲೇ ಗುಡಿಸಿದ್ದ ಅಂಗಳವನ್ನು ಮತ್ತೊಮ್ಮೆ ಗುಡಿಸಿದಳು.

ಎರಡು ದಿನ ಬಿಟ್ಟು ಮಗುವಿನ ಬಟ್ಟೆ ಒಗೆಯುವಾಗ ಬೀಗಿತ್ತಿ ಕುಂಟುತ್ತ ಬಂದು ಒಗೆಯುವ ಕಲ್ಲಿನ ಪಕ್ಕ ಕುರ್ಚಿ ಹಾಕಿಕೊಂಡಳು.

"ಬೀಗಿತ್ತಿ, ನಾನು ಡಬ್ಬಿಗೆ ತುಂಬಿದಾಗ ಮೂರು ಬೆರಳೆತ್ತರ ಇತ್ತು. ಈಗ ಎರಡು ದಿನ ಸಾರು ಮಾಡಿದ ಮೇಲೆ ಆರು ಬೆರಳಿದೆ. ಪುಡಿ ಮೊಟ್ಟೆ ಇಟ್ಟು ಮರಿ ಮಾಡಲ್ಲ."

ನ್ವಾಕೇಗೊ ಬಟ್ಟೆಗೆ ಸೋಪು ಹಚ್ಚಿದಳು. "ನನಗೇನು ಗೊತ್ತು."

"ಮೂಗು ಹೋಗಿದೆ, ಬೀಗಿತ್ತಿ. ಕಣ್ಣಿದೆ."

ನ್ವಾಕೇಗೊ ಬಟ್ಟೆಯನ್ನು ಕಲ್ಲಿಗೆ ಎರಡು ಸಲ ಬಡಿದಳು.

"ಯಾವಾಗಿಂದ?" ಎಂದಳು ನ್ವಾಕೇಗೊ.

"ಹೋದ ವರ್ಷ ಜ್ವರ ಬಂತು. ಜ್ವರ ಹೋಯ್ತು, ಹೋಗ್ತಾ ಮೂಗನ್ನೂ ಕರ್ಕೊಂಡು ಹೋಯ್ತು. ಯಾರಿಗೂ ಹೇಳಿಲ್ಲ. ಹೇಳಿದ್ರೆ ಒಲೆ ಹತ್ರ ಬಿಡ್ತಾರಾ ನನ್ನ? ಮೂಲೇಲಿ ಕೂರಿಸಿ ಊಟ ಹಾಕ್ತಾರೆ." ಬೀಗಿತ್ತಿ ಮಂಡಿಯ ಬಟ್ಟೆಯನ್ನು ಬಿಚ್ಚಿ ಮತ್ತೆ ಸುತ್ತಿದಳು. "ಸುಟ್ಟಿತ್ತಾ?"

"ಸ್ವಲ್ಪ."

"ಬೀಗಿತ್ತಿ."

"ಇದ್ದಲಾಗಿತ್ತು. ಕೋಳಿಗೂಡಿನ ಹಿಂದೆ ಸುರಿದೆ. ಕೋಳಿಗಳು ಎರಡು ದಿನದಿಂದ ಆ ಕಡೆ ತಲೆ ಹಾಕಿಲ್ಲ."

ಬೀಗಿತ್ತಿಯ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಕುರ್ಚಿ. ಇಬ್ಬರೂ ನಕ್ಕರು, ಒಳಗಿನಿಂದ ಎಜಿರೊ "ಏನಾಯ್ತು?" ಎಂದು ಕೂಗಿದಳು, "ನೀನು ಸುಮ್ನೆ ಮಲಗು," ಎಂದು ಇಬ್ಬರೂ ಕೂಗಿದರು.

"ಬೀಜ ತೆಗೆದ್ರಾ?" ಎಂದಳು ಬೀಗಿತ್ತಿ ಕಣ್ಣೊರೆಸಿಕೊಂಡು.

"ಇಲ್ಲ."

"ಒಂದೂ?"

"ಒಂದೂ ಇಲ್ಲ. ಆ ಕಡೆ ನೋಡ್ದೆ ಕುಟ್ಟಿದೆ."

ಬೀಗಿತ್ತಿ ತಲೆಯಾಡಿಸಿದಳು, ವಿದ್ಯಾರ್ಥಿಯ ಉತ್ತರ ಒಪ್ಪಿಕೊಂಡ ಉಪಾಧ್ಯಾಯಿನಿಯಂತೆ. ಆಮೇಲೆ ಮಾತಾಡಿದಾಗ ಅವಳ ದನಿ ಬೇರೆಯಾಗಿತ್ತು.

"ಒಂದು ಹೇಳಿ. ಮಗೂದು ತಲೆ ಹೇಗೆ ವಾಸನೆ ಬರುತ್ತೆ?"

ನ್ವಾಕೇಗೊ ಕೈ ನಿಲ್ಲಿಸಿದಳು. ಇದನ್ನು ಯಾರೂ ಯಾರನ್ನೂ ಕೇಳಿದ್ದಿಲ್ಲ. ಅವಳು ಎದ್ದು, ಕೈ ಒರೆಸಿಕೊಂಡು, ಒಳಗೆ ಹೋಗಿ, ಮಲಗಿದ್ದ ಮಗುವಿನ ಮೇಲೆ ಬಗ್ಗಿ, ಪರೀಕ್ಷೆ ಮಾಡಿ ಬಂದಳು.

"ಆಗ ತಾನೇ ಬೆಂದ ಹೆಗ್ಗೆಣಸಿನ ಹಾಗೆ," ಎಂದಳು. "ಸಿಪ್ಪೆ ತೆಗೆದಾಗ ಆವಿ ಬರುತ್ತಲ್ಲ, ಹಾಗೆ. ಅದರ ಮೇಲೆ ಯಾರೋ ಚೂರು ಹಾಲು ಚೆಲ್ಲಿದ ಹಾಗೆ. ಹಾಲು ಸ್ವಲ್ಪ ಹುಳಿ."

"ಎಜಿರೊನೂ ಹಾಗೇ ಇದ್ಲು," ಎಂದಳು ಬೀಗಿತ್ತಿ.

ಬಟ್ಟೆ ಹಿಂಡುವಾಗ ಒಂದು ತುದಿ ಅವಳು ಹಿಡಿದಳು, ಇನ್ನೊಂದು ತುದಿ ನ್ವಾಕೇಗೊ.

"ಶನಿವಾರ ಹೊರಡ್ತೀನಿ," ಎಂದಳು ಬೀಗಿತ್ತಿ. "ಮಂಡಿ ನೋವು ಜಾಸ್ತಿಯಾಗಿದೆ ಅಂತ ಹೇಳ್ತೀನಿ. ಮಂಡಿ ವಿಷಯ ಎಲ್ಲರಿಗೂ ಗೊತ್ತಿದೆ, ಯಾರೂ ಪ್ರಶ್ನೆ ಕೇಳಲ್ಲ."

ಇದೇ ಮಾತು ಕೇಳಬೇಕೆಂದು ಎರಡು ತಿಂಗಳು ಜಪಮಾಲೆ ತಿರುಗಿಸಿದ್ದ ನ್ವಾಕೇಗೊ ಸಿಟ್ಟಾದಳು. "ಯಾರು ಹೋಗಿ ಅಂದ್ರು ನಿಮ್ಮನ್ನ? ಮೂರು ತಿಂಗಳಲ್ಲಿ ಇನ್ನೂ ಏಳು ವಾರ ಇದೆ. ಹುರಿಯೋವಾಗ ನಾನು ಪಕ್ಕದಲ್ಲಿರ್ತೀನಿ. ಇಳಿಸಿ ಅಂತೀನಿ, ಇಳಿಸಿ."

"ಹನ್ನೊಂದು ಮಾಡಿದೀನಿ, ಬೀಗಿತ್ತಿ. ಇದು ಹನ್ನೆರಡನೇದು, ಅರ್ಧ ಆಯ್ತು. ನಿಮಗೆ ಎಷ್ಟು ಆಗಿದೆ?"

ನ್ವಾಕೇಗೊ ಬಟ್ಟೆಯನ್ನು ಹಗ್ಗದ ಮೇಲೆ ಹರವಿ, ಇಲ್ಲದ ಸುಕ್ಕನ್ನು ಎಳೆದು ಸರಿಮಾಡಿದಳು.

"ಮತ್ತೆ? ಡಬ್ಬಿ ಇಲ್ಲೇ ಬಿಟ್ಟು ಹೋಗ್ತೀನಿ. ಮಗಳಿಗೆ ಮೂಗಿನ ಮಾತು ಹೇಳ್ಬೇಡಿ. ಆದ್ರೆ ಬಾಣಂತನ ಮಾಡಿದವಳಿಗೆ ಕೊಡೋ ಬಟ್ಟೆ ನಂದು. ಉಗೊನ್ನ ತಂದಿಟ್ಟಿರೋದನ್ನ ನೋಡಿದೀನಿ, ಜರಿಯಂಚಿನ ಜಾರ್ಜ್ ಬಟ್ಟೆ. ಅದರಲ್ಲಿ ಪಾಲು ಇಲ್ಲ."

"ಯಾರಿಗೆ ಬೇಕಾಗಿದೆ ನಿಮ್ಮ ಬಟ್ಟೆ."

"ಬಣ್ಣ ನೋಡಿದ್ರಾ?"

"ನೋಡಿದೆ. ನಿಮ್ಮ ಮೈಬಣ್ಣಕ್ಕೆ ಒಪ್ಪಲ್ಲ."

ಶನಿವಾರ ಟ್ಯಾಕ್ಸಿ ಬಂತು. ಎಜಿರೊ ಅತ್ತಳು, ಮಂಡಿಯ ಬಗ್ಗೆ ಹತ್ತು ಎಚ್ಚರಿಕೆ ಹೇಳಿದಳು. ಬೀಗಿತ್ತಿ ಹೊಸ ಬಟ್ಟೆ ಉಟ್ಟು, ಎಲ್ಲರಿಗೂ ಕಾಣುವಂತೆ ಕುಂಟಿದಳು. ಹತ್ತುವ ಮೊದಲು ಮಗುವಿನ ನೆತ್ತಿಗೆ ಮೂಗು ಒತ್ತಿ, ನ್ವಾಕೇಗೊಳ ಮುಖ ನೋಡಿದಳು. ನ್ವಾಕೇಗೊ ತಾನೂ ಬಗ್ಗಿ ಮೂಸಿದಳು.

"ಇವತ್ತೂ ಅದೇ," ಎಂದಳು.

ಟ್ಯಾಕ್ಸಿ ತಿರುವು ದಾಟಿದ ಮೇಲೆ ಹೆಡ್‌ಮಾಸ್ಟರು ಅಡುಗೆಮನೆಗೆ ಬಂದು ಹಲಗೆಯ ಮೇಲಿದ್ದ ಎರಡು ಡಬ್ಬಿಗಳನ್ನು ನೋಡಿದರು. "ಇನ್ನು ಮೇಲೆ ಎರಡು ಹೊತ್ತೂ ನಿಂದೇ. ಯಾವ ಪುಡಿ?"

ನ್ವಾಕೇಗೊ ಒರಳನ್ನು ಹಿತ್ತಲಿಗೆ ಉರುಳಿಸಿಕೊಂಡು ಹೋಗುತ್ತಿದ್ದಳು. "ಬಾಣಂತಿ ಯಾವುದು ಕೇಳ್ತಾಳೋ ಅದು," ಎಂದಳು. "ನಿಮ್ಮನ್ನ ಯಾರೂ ಕೇಳಿಲ್ಲ."

ಉಳಿದ ಏಳು ವಾರದ ಬಾಣಂತನವನ್ನು ನ್ವಾಕೇಗೊ ಮಾಡಿದಳು. ಬೀಜ ತೆಗೆಯಲಿಲ್ಲ.